ಮಿಂಚಿದೆ, ಇಳೀರಿ ಸಾರ್

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಹಿರಿಯರು, ಗುಡುಗಿದರೆ ಮಾತ್ರ ಮೊದಲು ಸೂರು ಸೇರು ಎಂದು ಹೇಳಿಲ್ಲ; ಹೇಳಬೇಕಿತ್ತು. ಇದು ನಡೆದ ಕಥೆ. ನಂಬಿಕೆ ಬಾರದಿದ್ದರೆ ಬಿಟಿಎಂ ಲೇಔಟಿನ ಸಂಗಮೇಶನನ್ನೇ ಕೇಳಿ. ಫೋನಿನಲ್ಲಿ ಮಾತ್ರ ಕೇಳಬೇಡಿ, ನೀವು ನೀವೇ ಎಂದು ಅವನು ಒಪ್ಪುವುದಿಲ್ಲ.

ಆ ಅನುಮಾನ ಅಂಟಿಸಿದವನು ರೂಮ್‌ಮೇಟ್ ಬಸವಂತ. ಗಂಡಾಗಲಿ ಹೆಣ್ಣಾಗಲಿ, ಯಾರ ಗಂಟಲನ್ನಾದರೂ ಎರವಲು ತರುವ ಆಸಾಮಿ. ಒಮ್ಮೆ ಮನೆ ಓನರ್ ಪರಮಶಿವಯ್ಯನವರ ದನಿಯಲ್ಲಿ ಫೋನ್ ಮಾಡಿ, "ನಾಳೆಯಿಂದ ನೀರು ಬರಲ್ಲಪ್ಪ" ಅಂದ. ಸಂಗಮೇಶ ಕುಕ್ಕರಿಗೂ ನೀರು ತುಂಬಿಸಿಟ್ಟ. ಮುಂದೆ ಓನರ್ ನಿಜವಾಗಿಯೇ ಫೋನ್ ಮಾಡಿದಾಗ "ನಾಟಕ ಸಾಕ್ ಮಾಡಲೇ" ಎಂದು ಬೈದು, ಸಂಜೆ ಬಾಳೆಹಣ್ಣು ಹಿಡಿದು ಕ್ಷಮೆ ಕೇಳಿಬಂದ.

ಆ ಭಾನುವಾರ ಸಂಗಮೇಶ, ತನಗೆ ನಿಶ್ಚಯವಾಗಿದ್ದ ಉಮಾಶ್ರೀಯನ್ನು ಕೋಣನಕುಂಟೆಯಾಚೆಗಿನ ಪಾರ್ಕಿಗೆ ಕರೆದೊಯ್ದ. ಬಸವಂತನೂ ಬಾಲದಂತೆ ಬಂದ. ಅಲ್ಲಿ ಜನರನ್ನು ಕುರ್ಚಿ ಸಮೇತ ಮೇಲಕ್ಕೊಯ್ದು ಧಬಕ್ಕನೆ ಬಿಡುವ ಗೋಪುರವೊಂದಿತ್ತು. ಟೆರೇಸಿನಲ್ಲಿ ಬಟ್ಟೆ ಒಣಹಾಕಲೂ ಹೆದರುವ ಸಂಗಮೇಶ, "ಇದೆಲ್ಲಾ ನಂಗ ಲೆಕ್ಕಕ್ಕಿಲ್ಲ" ಎಂದು ಹುಡುಗಿಯ ಮುಂದೆ ಕೊಚ್ಚಿಕೊಂಡಾಗಿತ್ತು. ಈಗ ಹಿಂಜರಿದರೆ ಮಾನ ಉಳಿಯದು. ಹೋಗಿ ಕುಳಿತ.

ಅಷ್ಟರಲ್ಲಿ ಸ್ಪೀಕರಿನಲ್ಲಿ ಹೆಣ್ಣುದನಿ: "ಮಿಂಚಿನ ಸೂಚನೆ ಇರುವುದರಿಂದ ಎತ್ತರದ ರೈಡುಗಳನ್ನು ನಿಲ್ಲಿಸಲಾಗಿದೆ."

ನೆತ್ತಿಯ ಮೇಲೆ ಬಿಸಿಲು. ವಸಂತಪುರದ ದಿಕ್ಕಿಗೆ ಮಾತ್ರ ಒಂದಿಷ್ಟು ಕಪ್ಪು. ಸಂಗಮೇಶ ತಿರುಗಿ ನೋಡಿದ. ಬೇಲಿಯಾಚೆ ಉಮಾಶ್ರೀ ಒಬ್ಬಳೇ.

"ಬಸವಂತ ಎಲ್ಲಿ?"

"ಜೋಳ ತರಾಕ ಹೋಗ್ಯಾನ್ರಿ."

ಜೋಳವಲ್ಲ, ಮೈಕು ಎಂದುಕೊಂಡ ಸಂಗಮೇಶ. ತಾನು ಖುಷಿಯಾಗಿ ಇಳಿದೋಡಬೇಕು, ಅದನ್ನು ಅವನು ಮದುವೆ ಮಂಟಪದವರೆಗೂ ಆಡಿ ತೋರಿಸಬೇಕು, ಇದೇ ಅವನ ಹೂಟ. ರೈಡ್ ನಡೆಸುವ ಭೀಮೇಶ್ ಬಂದು ಎಲ್ಲರ ಎದೆಗೆ ಅಡ್ಡವಿದ್ದ ಸರಳು ಎತ್ತಿದ. ಸಂಗಮೇಶ ತನ್ನದನ್ನು ಮತ್ತೆ ಕೆಳಗೆಳೆದುಕೊಂಡ.

"ಮಿಂಚಿದೆ, ಇಳೀರಿ ಸಾರ್."

"ಬಸವಂತ ಹೇಳಿಕೊಟ್ಟನೇನ್ರಿ ನಿಮಗ?"

"ಯಾವ ಬಸವಂತ ಸಾರ್? ಮೋಡ ನೋಡಿ ಸ್ವಲ್ಪ."

ಉಳಿದವರೆಲ್ಲ ಇಳಿದು, ಮಕ್ಕಳನ್ನು ಎಳೆದುಕೊಂಡು, ಟಿಕೆಟ್ ಕಾಸು ದಂಡವಾಯಿತೆಂದು ಗೊಣಗುತ್ತ ಸೂರಿನತ್ತ ಓಡಿದರು. ಇಷ್ಟು ಜನರನ್ನು ಬಸವಂತ ಯಾವಾಗ ಒಪ್ಪಿಸಿದ ಎಂಬುದೊಂದೇ ಸಂಗಮೇಶನಿಗೆ ಬಗೆಹರಿಯಲಿಲ್ಲ.

ಆಕಾಶ ಗುಡುಗಿತು. ದಪ್ಪ ಹನಿ ಮೂಗಿನ ಮೇಲೆ ಬಿತ್ತು, ಹಿಂದೆಯೇ ಇಡೀ ಮಳೆ. ಬಸವಂತನ ಕೈ ಇಷ್ಟು ಮೇಲಕ್ಕೆ ಹೋಗದು ಎಂದು ಆಗ ಹೊಳೆಯಿತು. ಸರಳೆತ್ತಬೇಕು, ಅಷ್ಟರಲ್ಲಿ ಬೆನ್ನ ಹಿಂದೆ ಭೀಮೇಶನ ದನಿ: "ಸಾರ್ ಕೂತೇ ಅವ್ರೆ. ಅವರೊಬ್ಬರಿಗೇ ಬಿಟ್ಬಿಡ್ರೋ. ಸಾರ್, ಗಟ್ಟಿ ಹಿಡ್ಕೊಳ್ಳಿ."

ಇದನ್ನು ಮಾತ್ರ ಸಂಗಮೇಶ ತಕ್ಷಣ ನಂಬಿದ.

"ಬ್ಯಾಡ್ರೀ! ನಂಗ ಎತ್ತರ ಅಂದ್ರ ಜೀವಾ ಹೋಗತೈತ್ರೀ! ಸುಳ್ಳ ಹೇಳೀನ್ರೀ!" ಕಣ್ಣು ಮುಚ್ಚಿ, ಸರಳು ತಬ್ಬಿ, ಮನೆದೇವರನ್ನೆಲ್ಲ ಕೂಗಿದ. ಮೇಲೇರುತ್ತಿರುವಂತೆಯೇ ಅನಿಸಿತು.

ಕಣ್ಣು ಬಿಟ್ಟಾಗ ಪಾದ ನೆಲದ ಮೇಲೇ ಇತ್ತು. ಎದುರಿಗೆ ಭೀಮೇಶ್ ಕೊಡೆ ಹಿಡಿದು, ಬಾಯಿ ಮುಚ್ಚಿಕೊಂಡು ನಿಂತಿದ್ದ. ಹಿಂದೆ, ಭೀಮೇಶನ ದನಿಯಲ್ಲೇ ಇನ್ನೂ "ಗಟ್ಟಿ ಹಿಡ್ಕೊಳ್ಳಿ" ಎನ್ನುತ್ತ ಜೋಳದ ತೆನೆ ಕಡಿಯುತ್ತಿದ್ದವನು ಬಸವಂತ.

ಉಮಾಶ್ರೀ ಮಳೆಯಲ್ಲೇ ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತಳು. "ಅಂಜಿಕಿ ಅಂತ ಮೊದಲ ಹೇಳಬಾರದೇನ್ರಿ? ನಾ ಏನ್ ಗೋಪುರದ ಕೂಡ ಮದಿವಿ ಆಗಾಕತ್ತೀನೇನು?"

ಸಂಗಮೇಶ ಅವಳನ್ನು ನೋಡಿದ, ಒಂದು ಗೇಣೂ ಏರದ ತನ್ನ ಕುರ್ಚಿಯನ್ನು ನೋಡಿದ. ಭೀಮೇಶ್ ನಕ್ಕ, ಉಮಾಶ್ರೀ ನಕ್ಕಳು, ಬಸವಂತ ಜೋಳ ನೆತ್ತಿಗೇರಿ ಕೆಮ್ಮುತ್ತ ನಕ್ಕ. ಗುಡುಗನ್ನೂ ಮೀರಿಸಿ, ಹೊಟ್ಟೆ ಹಿಡಿದು ಎಲ್ಲರಿಗಿಂತ ಜೋರಾಗಿ ನಕ್ಕವನು ಸಂಗಮೇಶ.