ಮುಷ್ಟಿಯೊಳಗಿನ ಭಂಡಾರ

ಅಣ್ಣಾಸಾಬ ಸಾಹುಕಾರರ ಯಾವ ಫೋಟೋ ನೋಡಿದರೂ ಅವರ ಎದೆಗೊಂದು ಕುರಿಮರಿ ಅಂಟಿಕೊಂಡೇ ಇರುತ್ತದೆ. ಕಾಗವಾಡದ ಕಡೆ ದೊಡ್ಡವರಿಗೆ ಸನ್ಮಾನವೆಂದರೆ ಹಾಗೆಯೇ. ತಲೆಗೆ ರುಮಾಲು ಸುತ್ತಬೇಕು, ಹೆಗಲಿಗೆ ಕರಿ ಕಂಬಳಿ ಹೊದಿಸಬೇಕು, ಕೈಗೊಂದು ಮರಿ ಕೊಡಬೇಕು. ಆ ಕಂಬಳಿಯೂ ಮರಿಯೂ ಬರುವುದು ಸುಂದ್ರವ್ವನ ಕುರಿದಡ್ಡಿಯಿಂದ. ನಾಲ್ಕು ವರ್ಷಗಳಿಂದ ಅವಳೇ ವೇದಿಕೆ ಹತ್ತುತ್ತಾಳೆ, ಹೊದಿಸುತ್ತಾಳೆ, ಫೋಟೋ ಆದಮೇಲೆ ಇಳಿಯುತ್ತಾಳೆ. ಮೇಲೆ ಹದಿನೈದು ಕುರ್ಚಿ ಹಾಕಿರುತ್ತಾರೆ. ಕೂಡ್ರು ಎಂದವರು ಇದುವರೆಗೆ ಒಬ್ಬರೂ ಇಲ್ಲ.

ಪ್ರತಿಸಲವೂ ಸಾಹುಕಾರರು ಅವಳ ತಲೆ ಸವರಿ ಮೈಕಿನಲ್ಲಿ ಒಂದು ಮಾತು ಹೇಳುತ್ತಾರೆ. "ಇವರು ಮುಗ್ಧ ಮಂದಿ. ಏನೂ ತಿಳೀದಿಲ್ಲ, ಏನೂ ಕೇಳೂದಿಲ್ಲ." ಸುಂದ್ರವ್ವ ಅವರಿಗಿಂತ ಮೂರು ವರ್ಷಕ್ಕೆ ದೊಡ್ಡವಳು. ಮಕ್ಕಳ ತಲೆ ಸವರಿದಂತೆ ತನ್ನ ತಲೆ ಸವರಿದಾಗೆಲ್ಲ ಅವಳ ಮೈ ಉರಿಯುತ್ತಿತ್ತು. ಆದರೂ ನಕ್ಕು ಸುಮ್ಮನಾಗುತ್ತಿದ್ದಳು.

ಈ ವರ್ಷ ನಗುವುದು ಕಷ್ಟವಾಯಿತು. ದಡ್ಡಿಯಿಂದ ಕೃಷ್ಣಾ ಹೊಳೆಗೆ ಇಳಿಯುವ ಹಾದಿ ಅವಳ ಅಜ್ಜನ ಅಜ್ಜನ ಕಾಲದ್ದು, ಊರಿನ ನಕಾಶೆಯಲ್ಲೂ ಇದೆ. ಎರಡು ತಿಂಗಳ ಹಿಂದೆ ಸಾಹುಕಾರರು ಹೊಸ ದ್ರಾಕ್ಷಿ ತೋಟಕ್ಕೆ ಬೇಲಿ ಹಾಕುವಾಗ ಆ ಹಾದಿಯನ್ನೂ ಒಳಗೆ ಸೇರಿಸಿಕೊಂಡು, ಕಬ್ಬಿಣದ ಗೇಟು ಕೂಡಿಸಿ ಬೀಗ ಜಡಿದರು. ಕುರಿಗಳಿಗೆ ನೀರು ಬೇಕೆಂದರೆ ಈಗ ಮಿರಜ ರಸ್ತೆ ಸುತ್ತಿ ಮೂರು ಕಿಲೋಮೀಟರ್ ನಡೆಯಬೇಕು. ಕಬ್ಬಿನ ಟ್ರ್ಯಾಕ್ಟರು ಎರಡು ಗಬ್ಬದ ಕುರಿಗಳ ಮೇಲೆ ಹಾಯ್ದು ಹೋಯಿತು. ಹೀಗೇ ನಡೆದರೆ ಬೇಸಿಗೆಯೊಳಗೆ ಹಿಂಡು ಮಾರಿ ಕೂಲಿಗೆ ಹೋಗುವುದೇ ಉಳಿದ ದಾರಿ ಎಂದು ಸುಂದ್ರವ್ವನಿಗೆ ಸ್ಪಷ್ಟವಾಗಿ ಗೊತ್ತಿತ್ತು.

ನಾಲ್ಕು ಸಲ ಸಾಹುಕಾರರ ಮನೆಗೆ ಹೋದಳು. ಮೊದಲ ಸಲ ಒಂದು ಹಳೆ ಸೀರೆ ಕೊಟ್ಟು ಕಳಿಸಿದರು. ಎರಡನೇ ಸಲ ಪೇಡೆಯ ಡಬ್ಬಿ ಕೊಟ್ಟರು. ಮೂರನೇ ಸಲ, "ನಿನಗಿದೆಲ್ಲಾ ತಿಳೀದಿಲ್ಲವ್ವಾ, ನಾ ನೋಡ್ತೀನಿ ಹೋಗ" ಎಂದು ಒಂದು ಸೇರು ಸಕ್ಕರೆ ಕಟ್ಟಿಸಿದರು. ನಾಲ್ಕನೇ ಸಲ ಮೊಮ್ಮಕ್ಕಳ ಹಳೆಯ ಬಟ್ಟೆ ಸಿಕ್ಕವು. ಹಾದಿ ಕೇಳಲು ಹೋದವಳು ಪ್ರತಿಸಲವೂ ಚೀಲ ಹಿಡಿದು ಬಂದಳು. ಬೈದು ಕಳಿಸಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಮೂಗಿಗೆ ತುಪ್ಪ ಸವರುವವರ ಜೊತೆ ಜಗಳವಾಡುವುದು ಹೇಗೆ?

ಆಗ ಬಂದವನು ಭರತ. ಸಾಹುಕಾರರ ಕಾರ್ಯಕ್ರಮಗಳ ಓಡಾಟವೆಲ್ಲ ಅವನದೇ.

"ಆಯೀ, ಐತವಾರ ಸಾವ್ಕಾರ್ರಿಗೆ ಅರವತ್ತ ತುಂಬತಾವ. ಮರಿ ಬಿಳೀದ ತಾ. ಈ ಸಲ ಭಂಡಾರಾನೂ ತಾ."

"ಭಂಡಾರ ಯಾಕೋ ತಮ್ಮಾ?"

"ಬಣ್ಣಕ್ಕ. ವಿಡಿಯೋದಾಗ ಹಳದಿ ಎದ್ದ ಕಾಣತೈತಿ."

ಸುಂದ್ರವ್ವ ಅವನ ಮುಖವನ್ನೇ ನೋಡಿದಳು. ಬೀರದೇವರ ಗುಡಿಯ ಅರಿಷಿಣಪುಡಿ ಇವನಿಗೆ ಬಣ್ಣವಾಗಿತ್ತು! ಅದನ್ನು ಮುಷ್ಟಿಯಲ್ಲಿ ಹಿಡಿದು ಆಡಿದ ಮಾತಿಗೆ ತಪ್ಪಿದವನ, ಅದನ್ನು ನೆಲಕ್ಕೆ ಚೆಲ್ಲಿದವನ ಮನೆಯಲ್ಲಿ ಈ ಸೀಮೆಯ ಜನ ನೀರು ಕೂಡ ಕುಡಿಯುವುದಿಲ್ಲ. ಅಥಣಿ ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆದ ವ್ಯಾಜ್ಯ ಒಂದು ಹಿಡಿ ಭಂಡಾರದಲ್ಲಿ ತೀರಿದ್ದುಂಟು.

"ಆತಪಾ, ತರ್ತೀನಿ" ಎಂದಳು. ಶನಿವಾರ ತಲೆಯ ಮೇಲೆ ನೀರು ಹಾಕಿಕೊಂಡು, ಉಪವಾಸವಿದ್ದು, ಗುಡಿಗೆ ಹೋಗಿ ತಾನೇ ಭಂಡಾರ ಕಟ್ಟಿಕೊಂಡು ಬಂದಳು.

ಭಾನುವಾರ, ಊರಿನ ಮದುವೆಗಳೆಲ್ಲ ನಡೆಯುವ ಮಂಗಲ ಕಾರ್ಯಾಲಯ ಕಿಕ್ಕಿರಿದಿತ್ತು. ಸಾಹುಕಾರರಿಗೆ ಜಿಲ್ಲಾ ಪಂಚಾಯತಿಗೆ ನಿಲ್ಲುವ ಆಸೆ, ಹಾಗಾಗಿ ಸುತ್ತಲಿನ ಎಂಟು ಹಳ್ಳಿಯ ಕುರುಬರನ್ನೆಲ್ಲ ಟೆಂಪೊ ಹಚ್ಚಿ ಕರೆಸಿದ್ದರು. ಮುಂದಿನ ಸಾಲಿನಲ್ಲಿ ಅವರ ತಾಯಿ ಗೌರಾಬಾಯಿ ಕೂತಿದ್ದರು. ಸುಂದ್ರವ್ವ ಕಂಬಳಿ ಹೊದಿಸಿದಳು, ಮರಿ ಕೊಟ್ಟಳು. ಸಾಹುಕಾರರು ರೂಢಿಯಂತೆ ಅವಳ ತಲೆ ಸವರಿ, ಮೈಕಿಗೆ ಬಾಯಿ ಕೊಟ್ಟರು.

"ಮುಗ್ಧ ಮಂದಿ ಇವರು. ಎಂದೂ ಏನೂ ಕೇಳಿದವರಲ್ಲ. ಸುಂದ್ರವ್ವಾ, ಇವತ್ತ ಕೇಳವ್ವಾ. ನಿನಗೇನ ಬೇಕ, ಕೇಳ."

ಜನ ಚಪ್ಪಾಳೆ ತಟ್ಟಿದರು. ಸುಂದ್ರವ್ವ ಅವರ ಹಣೆಗೆ ಭಂಡಾರ ಹಚ್ಚಿದಳು. ಆಮೇಲೆ ಮರಿಯ ಹೊಟ್ಟೆಯ ಕೆಳಗಿದ್ದ ಅವರ ಬಲಗೈ ಹಿಡಿದು ಎಳೆದು, ಅಂಗೈ ತುಂಬ ಭಂಡಾರ ಸುರಿದು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ಚಪ್ಪಾಳೆ ಗಕ್ಕನೆ ನಿಂತಿತು.

"ಸಾವ್ಕಾರ್ರ, ನಾಕ ಸಲ ನಿಮ್ಮ ಮನಿಗಿ ಬಂದ ಕೇಳೀನ್ರಿ. ಇವತ್ತ ನೀವ ಕೇಳ ಅಂದ್ರಿ. ಹೊಳಿ ಹಾದಿ ಬಿಡ್ತೀರೋ ಇಲ್ಲೋ, ಭಂಡಾರ ಹಿಡದ ಹೇಳ್ರಿ."

ಮೈಕು ಅವಳ ಮಾತನ್ನೂ ಅಷ್ಟೇ ದೊಡ್ಡದಾಗಿ ಸಾರಿತು. ಸಾಹುಕಾರರು ನಗಲು ಹೋದರು.

"ಆಮ್ಯಾಲೆ ಮಾತಾಡೂಣವ್ವಾ. ನಿನಗೊಂದ ಛಲೋ ಸೀರಿ ಕೊಡಸ್ತೀನಿ."

"ಸೀರಿ ಐತ್ರಿ. ಬಿಡೂದಿಲ್ಲ ಅಂದ್ರ ಹಂಗ ಹೇಳ್ರಿ. ಹೇಳಿ, ಮುಷ್ಟಿ ಬಿಚ್ಚಿ ನೆಲಕ್ಕ ಚೆಲ್ಲಿ ಬಿಡ್ರಿ. ನಾ ಇಳದ ಹೋಗ್ತೀನಿ."

ಸಾಹುಕಾರರು ಭರತನ ಕಡೆ ನೋಡಿದರು, ಭರತ ಮೇಲೆ ತಿರುಗುತ್ತಿದ್ದ ಫ್ಯಾನು ನೋಡತೊಡಗಿದ. ಎಂಟು ಹಳ್ಳಿಯ ಜನರ ಕಣ್ಣು ಒಂದೇ ಮುಷ್ಟಿಯ ಮೇಲೆ ನೆಟ್ಟಿತ್ತು. ಬೆರಳ ಸಂದಿಯಿಂದ ಒಂದಿಷ್ಟು ಹಳದಿ ಉದುರಿದ್ದೇ ತಡ, ಗೌರಾಬಾಯಿ ಕುರ್ಚಿ ಹಿಡಿದು ಎದ್ದು ಮಗನನ್ನು ಕೂಗಿದರು.

"ಅಣ್ಣಾ, ಭಂಡಾರ ನೆಲಕ್ಕ ಬೀಳಸಬ್ಯಾಡ. ಆಕಿ ತನ್ನದ ಕೇಳಾಕತ್ತಾಳ."

ಸಾಹುಕಾರರ ಹಣೆಯ ಭಂಡಾರ ಬೆವರಿನೊಡನೆ ಮೂಗಿನವರೆಗೆ ಇಳಿದಿತ್ತು.

"ಬಿಟ್ಟೆ" ಎಂದರು, ಮೈಕಿನಿಂದ ಮುಖ ತಿರುಗಿಸಿ, ಅವಳಿಗಷ್ಟೇ ಕೇಳುವಂತೆ.

"ಮೈಕಿನ್ಯಾಗ ಹೇಳ್ರಿ. ಹಿಂದಿನವರಿಗಿ ಕೇಳಸಲಿಲ್ಲ."

"ಹೊಳಿ ಹಾದಿ ಬಿಟ್ಟೇನಿ."

ಚಾಂಗಭಲೋ ಎಂದು ಹಿಂದಿನ ಸಾಲಿನಿಂದ ಎದ್ದ ಬೀರದೇವರ ಜಯಕಾರ ಕಾರ್ಯಾಲಯದ ತಗಡನ್ನೇ ನಡುಗಿಸಿತು. ಸುಂದ್ರವ್ವ ಹೋಗಿ ವೇದಿಕೆಯ ಖಾಲಿ ಕುರ್ಚಿಯೊಂದರಲ್ಲಿ ಕೂತಳು. ಉಪವಾಸದ ಮೈಗೆ ಒಂದು ಗಳಿಗೆ ಕೂಡ್ರಬೇಕಿತ್ತು, ಅಷ್ಟೇ. ಆದರೆ ಕೂತಮೇಲೆ ಏಳಬೇಕೆಂದು ಅನ್ನಿಸಲಿಲ್ಲ.

ಭಂಡಾರ ಹಿಡಿದ ಕೈಯೇ ಮಾತು ನಡೆಸಬೇಕು. ಆದ್ದರಿಂದ ಮರುದಿನ ಬೆಳಿಗ್ಗೆ ಸಾಹುಕಾರರು ಬೀಗದ ಕೈ ಹಿಡಿದು ತಾವೇ ಬಂದರು. ಗೇಟನ್ನು ಇಳಿಜಾರಿಗೆ ಕೂಡಿಸಿದ್ದರಿಂದ ಕೈ ಬಿಟ್ಟರೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅವರು ಅದನ್ನು ಎರಡೂ ಕೈಯಿಂದ ಹಿಡಿದು ಓರೆಯಾಗಿ ನಿಂತರು. ಇನ್ನೂರು ಕುರಿ ಧೂಳೆಬ್ಬಿಸುತ್ತ, ಅವರ ಬಿಳಿ ಧೋತರಕ್ಕೆ ಮೈ ಉಜ್ಜುತ್ತ ಹೊಳೆಯ ಕಡೆ ಇಳಿದವು. ಸುಂದ್ರವ್ವನಿಗೆ ಅವಸರವಿರಲಿಲ್ಲ. ಕುಂಟುವ ಒಂದು ಮುದಿ ಕುರಿಯ ಹಿಂದೆ ನಿಧಾನವಾಗಿ ಬಂದಳು. ಹಿಂಡಿನ ಕೊನೆಯ ಗುಂಪು ಇನ್ನೂ ಹಿಂದೆ ಬರುತ್ತಿತ್ತು.

"ಆತೇನ್ರಿ, ಸುಂದ್ರವ್ವಾರ?" ಎಂದು ಸಾಹುಕಾರರು ಕೇಳಿದರು.

"ಇನ್ನೂ ನಲವತ್ತ ಅದಾವು, ನಿಲ್ರಿ" ಎಂದು ಸುಂದ್ರವ್ವ ತಿರುಗಿ ನೋಡದೆ ಹೇಳಿದಳು.

ಸಾಹುಕಾರರು ನಿಂತರು.