ಒಂಬತ್ತು ವರ್ಷದ ಟೆಂಪರವರಿ

ಝಣಝಣ ಅಂತ ಇಳಿದು ಬರುತ್ತಿದೆ ಸರ್ವೆಯವರ ಸರಪಳಿ, ಮೇಲಿನ ಸಾಲು ಮುಗಿಸಿ ಈ ಸಾಲಿಗೆ ತಿರುಗಿತು, ಇನ್ನು ನಡುವೆ ನಾಲ್ಕೇ ಮನೆ, ನಾಲ್ಕು ಮನೆ ಅಳೆಯುವುದಕ್ಕೆ ಎಷ್ಟು ಹೊತ್ತು, ಚಿಕ್ಕಸಿದ್ದಮ್ಮ ಹಾರೆಯನ್ನು ಮತ್ತೆ ನೆಲಕ್ಕೆ ಕುಕ್ಕುತ್ತಾಳೆ, ಗುಂಡಿ ಇನ್ನೂ ಗೇಣುದ್ದವೂ ಆಗಿಲ್ಲ — ತಿಗುರಿಯ ಗೂಟ ಮೊಣಕಾಲಿನಷ್ಟಾದರೂ ನೆಲದೊಳಗೆ ಇಳಿಯಬೇಕು, ಇಲ್ಲದಿದ್ದರೆ ಮಡಕೆ ಮಾಡುವ ಚಕ್ರ ಅದರ ಮೇಲೆ ನೆಟ್ಟಗೆ ತಿರುಗುವುದಿಲ್ಲ, ಕುಂಬಾರರ ಮನೆಗೆ ಬಂದವಳಿಗೆ ಇಷ್ಟನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಆದರೆ ಆ ಒಂದು ಹಾಳು ಮಾತಿನ ಅರ್ಥವನ್ನು ಮಾತ್ರ ಒಂಬತ್ತು ವರ್ಷದಿಂದ ಸಿಕ್ಕಸಿಕ್ಕವರೆಲ್ಲ ಹೇಳಿಕೊಟ್ಟರು, ಒಬ್ಬೊಬ್ಬರದು ಒಂದೊಂದು. ಟೆಂಪರವರಿ. ಹೊಳೆ ಉಕ್ಕಿ ಊರು ನುಂಗಿದ ಆ ಆಷಾಢದಲ್ಲಿ, ಉಟ್ಟ ಬಟ್ಟೆಯಲ್ಲಿ ಈ ದಿಣ್ಣೆ ಹತ್ತಿ ನಿಂತಾಗ, ತಿಗುರಿಯನ್ನು ಗಂಡ ಚಲುವಯ್ಯ ತಲೆಯ ಮೇಲೆ ಹೊತ್ತಿದ್ದ, ಗುಮಾಸ್ತೆ ಕಂಠಪ್ಪ ಕೊಡೆಯ ಕೆಳಗೆ ಕಾಗದ ಹಿಡಿದು ಓದಿದ, ಇದು ಟೆಂಪರವರಿ ಜಾಗ ಕಣ್ರಪ್ಪ, ಅಂಗಂದ್ರೇನು ಸ್ವಾಮಿ, ಅಂದ್ರೆ ಸದ್ಯಕ್ಕೆ ಅಂತ, ಸದ್ಯಕ್ಕೆ ಅಂದ್ರೆ ಎಷ್ಟ್ ದಿನ, ಅದನ್ನ ಇದ್ರಲ್ಲಿ ಬರ್ದಿಲ್ಲ. ಬರೆದಿರಲಿಲ್ಲವಲ್ಲ, ಅದಕ್ಕೇ ಜನ ತಾವೇ ಬರೆದುಕೊಂಡರು, ಟೆಂಪರವರಿ ಅಂದರೆ ನೆಲ ಅಗೆಯಬಾರದು ಅಂತ ಒಬ್ಬ, ತಳಪಾಯ ಹಾಕಬಾರದು ಅಂತ ಇನ್ನೊಬ್ಬ, ತೆಂಗಿನ ಸಸಿಯನ್ನು ಕೂಡ ಹಿತ್ತಲಲ್ಲಿ ನೆಡದೆ ದಪ್ಪ ಮಡಕೆಯಲ್ಲಿ ಇಟ್ಟುಕೊಂಡರು, ಏಳು ಅಂದ ದಿನ ಎತ್ತಿಕೊಂಡು ಹೋಗಬಹುದಲ್ಲ, ಆ ಮಡಕೆಗಳನ್ನೆಲ್ಲ ಮಾಡಿಕೊಟ್ಟವರು ತಾವೇ, ಬೇರು ಒತ್ತಿ ಮಡಕೆ ಸೀಳಿತು, ಮತ್ತೊಂದು ಮಡಕೆ ಕೇಳಿದರು, ಸಸಿ ಮಾತ್ರ ಮೊಳದ ಮೇಲೆ ಬೆಳೆಯಲಿಲ್ಲ, ಥೂ, ಎಂಥ ಜನ, ತಾನೂ ಅವರೊಳಗೇ ಒಬ್ಬಳು.

ಹಾರೆಗೆ ಕಲ್ಲು ತಾಗಿ ಕೈ ಜುಮ್ಮೆನ್ನುತ್ತದೆ, ಚಲುವಯ್ಯ ಈಗ ಮಿರ್ಲೆ ಸಂತೆಯಲ್ಲಿ ಕೂತಿರುತ್ತಾನೆ, ಮೂತಿ ಸೊಟ್ಟ ಗಡಿಗೆಗಳನ್ನು ಗೋಡೆಯ ಕಡೆ ತಿರುಗಿಸಿಟ್ಟು, ನೆಲದಲ್ಲಿ ನೆಡದೆ ಮುರಿದ ಗಾಡಿಚಕ್ರದ ನಡುವಿನ ಗುಂಬಕ್ಕೆ ಗೂಟ ಸಿಕ್ಕಿಸಿ ಅದರ ಮೇಲೆ ತಿಗುರಿ ತಿರುಗಿಸಿದರೆ ಇನ್ನೇನಾಗುತ್ತದೆ, ಚಕ್ರ ಕುಣಿಯುತ್ತದೆ, ಬಾಯಿ ಓರೆಯಾಗುತ್ತದೆ, ಏನಮ್ಮೋ ನಿನ್ ಗಡಿಗೆ ಯಾರ್ ಮೇಲೋ ಮುನಿಸ್ಕೊಂಡು ಮೂತಿ ತಿರುವ್ಕಂಡದಲ್ಲ, ಅಂತ ತಾನು ಸಂತೆಗೆ ಹೋದಾಗ ಮಿರ್ಲೆಯ ಹೆಂಗಸರು ನಗುತ್ತಿದ್ದರು, ನಗಲಿ, ಗೂಟ ನೆಡು ಅಂತ ಇವನಿಗೆ ಎಷ್ಟು ಸಲ ಹೇಳಲಿಲ್ಲ, ಸರ್ಕಾರದ ಮಾತು ಕಣಮ್ಮೀ, ನಾಳೆ ಏಳು ಅಂದ್ರೆ ನೆಟ್ಟ ಗೂಟ ಕೀಳಕ್ಕಾಗ್ತದಾ ಅನ್ನುತ್ತಿದ್ದ, ಕೀಳಬಾರದು ಅಂತ ತಾನೇ ಪದ್ಧತಿ, ಒಮ್ಮೆ ಕೋಳಿ ಕುಯ್ದು ನೆಟ್ಟರೆ ಆ ಮನೆ ಅಲ್ಲೇ. ಕೊನೆಗೆ ಮೇಷ್ಟರು ವೀರಭದ್ರಸ್ವಾಮಿಗಳನ್ನೇ ಕೇಳಿದಳು, ಅವರು ಕನ್ನಡಕ ಒರೆಸಿಕೊಂಡು, ಲ್ಯಾಟಿನ್ ಅಂತ ಹಳೇ ಭಾಷೆ ಒಂದಿದೆ ಕಣಮ್ಮ, ಅದರಲ್ಲಿ ಟೆಂಪಸ್ ಅಂದ್ರೆ ಕಾಲ, ಈ ಮಾತು ಅಲ್ಲಿಂದ ಬಂದದ್ದು, ಯಾವ ಕಾಲ ಮೇಷ್ಟ್ರೇ, ಮಳೆಗಾಲವೋ ಬೇಸ್ಗೆಯೋ, ಬರೀ ಕಾಲ. ಬರೀ ಕಾಲವಂತೆ, ಹಾಗಾದರೆ ಮೈಸೂರಿನ ಅರಮನೆ ಬಾಗಿಲಿಗೂ ಬರೆಯಬಹುದಲ್ಲ ಅದನ್ನು, ಕಾಲ ಮುಟ್ಟದ್ದು ಯಾವುದಿದೆ, ಕಂಠಪ್ಪನನ್ನೂ ಒಮ್ಮೆ ಕೇಳಿದ್ದಳು, ನಿಮ್ಮದೂ ಟೆಂಪರವರಿ ಕೆಲ್ಸ ಅಂತಲ್ಲ ಸ್ವಾಮಿ, ಹನ್ನೊಂದು ವರ್ಷ ಆಯ್ತಂತೆ, ಮತ್ತೆ ಮನೆಗೆ ಹೆಂಚು ಯಾಕೆ ಹೊದಿಸಿದ್ರಿ ಅಂತ, ಅವನು ನಶ್ಯ ಏರಿಸಿ, ಅದು ಬೇರೆ ಟೆಂಪರವರಿ ಕಣಮ್ಮ ಅಂದ. ಬೇರೆಯಂತೆ! ಅದೇ ಕಂಠಪ್ಪ ಇವತ್ತು ಬೆಳಿಗ್ಗೆ ಬಂದು, ಹೊಸ ಹುಕುಂ ಬಂದದೆ, ಯಾರು ನೆಲೆ ನಿಂತವ್ರೋ ಅವ್ರಿಗೆ ಜಾಗ ಕಾಯಂ, ಮರ ಇರ್ಬೇಕು, ಬಾವಿ ಇರ್ಬೇಕು, ಇಲ್ಲ ಕಸುಬಿನ ನೆಲೆಯಾದ್ರೂ ಇರ್ಬೇಕು, ಉಳಿದೋರ್ಗೆ ಕೊಪ್ಪದ ಕಡೆ ಕಾಡಂಚಲ್ಲಿ ಜಾಗ ಅಂದ, ಅಲ್ಲಿ ಮಡಕೆಯ ಮಣ್ಣೆಲ್ಲಿದೆ, ಇಲ್ಲಿಯ ಕೆರೆಯ ಮಣ್ಣು ಬೆಣ್ಣೆಯ ಹಾಗಿದೆ, ಅಲ್ಲಿ ಏನನ್ನು ತಿಗುರಿಯ ಮೇಲೆ ಇಡುವುದು, ನೀವೇ ಅಲ್ವಾ ಸ್ವಾಮಿ ಏನೂ ನೆಡ್ಬೇಡಿ ಅಂದದ್ದು, ನಾನೆಲ್ಲಿ ಅಂದೆ, ಟೆಂಪರವರಿ ಅಂದೆ ಅಷ್ಟೆ.

ಅಷ್ಟೆ. ಬೇಲಿಯಾಚೆ ಅಜೀಜುನ್ನೀಸಾ ಹಲಸಿನ ಮರದ ಕೆಳಗೆ ನಿಂತಿದ್ದಾಳೆ, ಈ ಹಾರೆ ಅವಳದೇ, ಅವಳ ಗಂಡ ಶಂಶುದ್ದೀನ್ ಪಾತ್ರೆಗೆ ಕಲಾಯಿ ಹಾಕುವವನು, ಬಂದ ವರ್ಷವೇ ಆ ಮರ ನೆಟ್ಟ, ಈ ಸಲ ಹಣ್ಣು ಬಿಟ್ಟಿದೆ, ಅದೆಂಗೆ ಧೈರ್ಯ ಬಂತು ತಾಯಿ ನಿಮ್ಮೋರ್ಗೆ, ಧೈರ್ಯ ಏನ್ ಬಂತಕ್ಕಾ, ಮಾತು ಇಂಗ್ಲೀಷಲ್ಲಿತ್ತಲ್ಲ, ನಮ್ಮೋರ್ಗೆ ತಿಳೀನಿಲ್ಲ, ನೆಟ್ಬುಟ್ರು — ಅಳು ಬರುವ ಜಾಗದಲ್ಲಿ ನಗು ಬಂತು, ಅರ್ಥ ಕೇಳುತ್ತಾ ಕೂತವರ ಅಂಗಳ ಬೋಳು, ಕೇಳದವನ ಮರದಲ್ಲಿ ಹಲಸು. ಸಾಕು, ಗುಂಡಿ ಆಯಿತು, ಕಗ್ಗಲಿ ಮರದ ಗೂಟ ಅಟ್ಟದಿಂದ ಇಳಿಸಿಯಾಗಿದೆ, ಇನ್ನು ಎತ್ತಿ ನಿಲ್ಲಿಸಬೇಕು, ಹೆಂಗಸು ಗೂಟ ನೆಟ್ರೆ ಮಣ್ಣು ಮುನಿಯುತ್ತೆ ಅನ್ನುತ್ತಿದ್ದಳು ಅತ್ತೆ, ಮುನಿಯಲಿ, ಆಮೇಲೆ ಸಮಾಧಾನ ಮಾಡಿಕೊಂಡರಾಯಿತು, ಕೋಳಿ ಇಲ್ಲ, ಗಂಡ ಇಲ್ಲ, ಸರಪಳಿ ಎರಡನೇ ಮನೆಯಲ್ಲಿದೆ, ನಿಲ್ಲಿಸಿದಳು, ಕಲ್ಲು ಬಿಗಿದಳು, ಮಣ್ಣು ತುಂಬಿ ಎರಡು ಕೊಡ ನೀರು ಸುರಿದು ಹಿಮ್ಮಡಿಯಲ್ಲಿ ತುಳಿದಳು, ತುಳಿದಳು, ಅಯ್ಯೋ ಮಂಕೇ, ನೀರು ಯಾಕೆ ಸುರಿದೆ, ಹಸಿ ಮಣ್ಣು ತಾನೇ ಬಾಯಿಬಿಟ್ಟು ಹೇಳುತ್ತದಲ್ಲ ಈಗ ನೆಟ್ಟದ್ದು ಅಂತ, ಒಲೆಯ ಬೂದಿ ತಂದು ಎರಚಿದಳು, ಬೂದಿಯ ಅಡಿಯಿಂದ ಹಸಿ ಮಣ್ಣು ಕಪ್ಪಗೆ ಇಣುಕಿತು, ಇನ್ನೊಂದು ಮೊರ ಬೂದಿ, ಮತ್ತೆ ಇಣುಕಿತು, ತಿಗುರಿ ಹೊರಳಿಸಿ ತಂದು ಮೇಲೆ ಕೂರಿಸುವುದಕ್ಕೂ ಸರಪಳಿ ಅಂಗಳಕ್ಕೆ ಬೀಳುವುದಕ್ಕೂ ಸರಿಹೋಯಿತು. ಸರ್ವೆಯವರು ಟೋಪಿ ತೆಗೆದು ಬೆವರೊರೆಸಿಕೊಂಡರು, ಎಷ್ಟು ವರ್ಷ ಆಯ್ತಮ್ಮ ಇದನ್ನು ನೆಟ್ಟು, ಹಿಂದೆ ನಿಂತ ಕಂಠಪ್ಪ ಹಲಸಿನ ಮರ ನೋಡತೊಡಗಿದ, ಒಂಬತ್ತು ವರ್ಷದಿಂದ ನೆಡ್ತಾನೇ ಇದೀವಿ ಸ್ವಾಮಿ ಅಂದಳು, ಸುಳ್ಳೇನಲ್ಲ, ಅವರು ಬೂಟಿನ ತುದಿಯಿಂದ ಗೂಟದ ಬುಡವನ್ನು ಒತ್ತಿದರು, ಅಲ್ಲಾಡಲಿಲ್ಲ, ಇನ್ನೊಮ್ಮೆ ಜೋರಾಗಿ, ಅಲ್ಲಾಡಲಿಲ್ಲ, ಬೂಟು ಎತ್ತಿದರೆ ಅಟ್ಟೆಗೆ ಮಣ್ಣು ಮೆತ್ತಿದೆ, ಅವರು ನೋಡಿದರು, ಅವಳೂ ನೋಡಿದಳು, ಹೊಸಿಲ ಕಲ್ಲಿಗೆ ಅದನ್ನು ನಿಧಾನವಾಗಿ ಒರೆಸಿ, ಬರ್ಕೊಳಯ್ಯ ಕಂಠಪ್ಪ, ಕುಂಬಾರ ಚಲುವಯ್ಯ, ಕಸುಬಿನ ನೆಲೆ ಉಂಟು, ಅಂತ ಅಂದರು, ಸರಪಳಿ ಎದ್ದು ಮುಂದಕ್ಕೆ ಹೋಯಿತು, ಅಜೀಜುನ್ನೀಸಾ ಏನೋ ಕೂಗುತ್ತಿದ್ದಾಳೆ, ಕೇಳಿಸುತ್ತಿಲ್ಲ, ಚಿಕ್ಕಸಿದ್ದಮ್ಮನಿಗೆ ಕಾಣುವುದಿಷ್ಟೇ, ಗೂಟದ ಬುಡದಲ್ಲಿ ಬೂಟಿನ ಗುರುತು, ಗುರುತಿನ ತುಂಬ ಬೂದಿಯೊಳಗಿಂದ ಎದ್ದು ಬರುತ್ತಿರುವ ಹಸಿ ಮಣ್ಣು, ಕಪ್ಪು, ಹಸಿ ಮಣ್ಣು —