ಬೂರುಗದ ಮರದ ಹೊನ್ನಕ್ಕಿ

ಇವತ್ತು ಅವಳಿಗೆ ಏನು ಹೇಳಲಿ? ಏನೂ ಕಾಣಲಿಲ್ಲ ಅಂದರೆ ನಂಬುತ್ತಾಳೆಯೇ? ನಿನ್ನೆಯೂ ಅದನ್ನೇ ಹೇಳಿದ್ದೆ. ಗೋಡೆಯ ಕಡೆ ಮುಖ ತಿರುಗಿಸಿದ್ದಳು.

ಇದನ್ನೇ ಯೋಚಿಸುತ್ತಾ ಜುಮಾದಿ ಸೈಕಲ್ ತುಳಿಯುತ್ತಲೇ ಇದ್ದ. ಹ್ಯಾಂಡಲ್ಲಿಗೆ ಬಾಳೆಲೆಯಲ್ಲಿ ಸುತ್ತಿದ ಸೋಯಾಕಾಳಿನ ತೆಂಪೆ, ಸೀಮೆಎಣ್ಣೆಯ ಡಬ್ಬಿ; ಹಿಂದೆ ಬಾತುಗಳಿಗೆ ತೌಡು. ಗದ್ದೆಯಲ್ಲಿ ಬೆಳ್ಳಕ್ಕಿಗಳು ಉಳುವವನ ಹಿಂದೆ ಹಿಂದೆಯೇ ನಡೆಯುತ್ತಿದ್ದವು. ಇದನ್ನು ಹೇಳಬಹುದು. ಬೆಳ್ಳಕ್ಕಿಯನ್ನು ಯಾರೂ ಹಿಡಿಯುವುದಿಲ್ಲ. ಆದರೆ ಅವಳಿಗೆ ಬೇಕಾದದ್ದು ಹಾಡುವ ಹಕ್ಕಿ.

ಹೆಂಡತಿ ಪೊನಿಯೆಮ್‌ಗೆ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಮಲಗಿದಲ್ಲಿಂದ ಕಾಣುತ್ತಿದ್ದುದು ನೆರೆಮನೆಯ ಹೆಂಚು ಮಾತ್ರ. ಜುಮಾದಿ ಸಂತೆಯಿಂದ ಬಂದವನೇ ಅವಳ ಮಂಚದ ಅಂಚಿನಲ್ಲಿ ಕೂತು ದಾರಿಯಲ್ಲಿ ಕಂಡದ್ದನ್ನು ಹೇಳಬೇಕಿತ್ತು. ಯಾವ ಮರ, ಯಾವ ಕೊಂಬೆ, ಹಕ್ಕಿ ಯಾವ ಕಡೆಗೆ ಮುಖ ಮಾಡಿತ್ತು, ಎಲ್ಲ ಕೇಳುತ್ತಿದ್ದಳು. ಬಿದಿರು ತಟ್ಟಿಯ ಆಚೆ, ಹಕ್ಕಿ ಹಿಡಿಯುವ ಅವಳ ಅಣ್ಣ ತುಕಿರಾನ್ ಪಂಜರ ತೊಳೆಯುತ್ತಾ ಕೂತಿರುತ್ತಿದ್ದ. ಮನೆ ಅವನದು.

ಸ್ಮಶಾನದ ದೇವಕಣಗಿಲೆಯ ಪೊಟರೆಯಲ್ಲಿ ಮಡಿವಾಳ ಹಕ್ಕಿಯ ಜೋಡಿ ಇದೆ ಎಂದು ಅವಳಿಗೆ ಹೇಳಿದ ಮರುದಿನ ಜುಮಾದಿ ಅಲ್ಲಿ ಸೈಕಲ್ ನಿಲ್ಲಿಸಿದ್ದ. ಕೊಂಬೆಗೆ ಹಲಸಿನ ಅಂಟು ಬಳಿದಿತ್ತು. ಅಂಟಿನಲ್ಲಿ ಗರಿಗಳು. ಕೆಳಗೆ ಹೆಣ್ಣು ಹಕ್ಕಿ ಬಿದ್ದಿತ್ತು, ಇರುವೆ ಮುತ್ತಿದ್ದವು. ಮನೆಗೆ ಬಂದರೆ ಸೂರಿನಲ್ಲಿ ಹೊಸ ಪಂಜರ.

"ಯಾಕೋ ಮುಖ ಹಾಗ್ ಮಾಡ್ಕೊಂಡಿದೀಯ?" ತುಕಿರಾನ್ ನಕ್ಕಿದ್ದ. "ನಿನ್ನ ಕಣ್ಣು, ನನ್ನ ಕೈ. ಹಿಂಗೇ ನೋಡ್ತಾ ಬಾ ಮಾರಾಯ."

"ಹೆಣ್ಣು ಸತ್ತಿದೆ, ಭಾವ."

"ಹೆಣ್ಣು ಹಾಡಲ್ಲ. ಅದನ್ನ ತಂದು ಏನ್ ಮಾಡ್ಲಿ?" ಅವನು ದನಿ ಏರಿಸಿ ತಟ್ಟಿಯ ಕಡೆ ತಿರುಗಿದ. "ಒಳಗೆ ಒಂದಿದೆಯಲ್ಲ, ಬರೀ ತಿನ್ನೋದು."

ತಟ್ಟಿಯ ಆಚೆ ಪೊನಿಯೆಮ್‌ಳ ಮಂಚ ಕಿರುಗುಟ್ಟಿತು. ಅಂದಿನಿಂದ ಜುಮಾದಿಗೆ ದಾರಿಯಲ್ಲಿ ಏನೂ ಕಾಣುತ್ತಿರಲಿಲ್ಲ.

ಕಾಲುವೆಯ ತಿರುವಿಗೆ ಬಂದಾಗ ತೋಳಿನ ಮೇಲೆ ಏನೋ ಉದುರಿತು. ಮರದ ಹೊಟ್ಟು. ತಲೆಯೆತ್ತಿದ. ದೊಡ್ಡ ಬೂರುಗದ ಪಡುವಣ ಕೊಂಬೆ ತುದಿಯವರೆಗೂ ಒಣಗಿತ್ತು. ಮರಕುಟಿಗವೊಂದು ಅದರ ಬುಡವನ್ನು ಕುಟ್ಟಿ ಕುಟ್ಟಿ ತೂತು ಮಾಡಿತ್ತು. ಜುಮಾದಿ ಒಂದು ಕಾಲು ನೆಲಕ್ಕೂರಿ ಬಹಳ ಹೊತ್ತು ನೋಡಿದ.

ಮನೆಗೆ ಬಂದು ಮಂಚದ ಅಂಚಿನಲ್ಲಿ ಕೂತಾಗ ಪೊನಿಯೆಮ್ ಗೋಡೆಯ ಕಡೆ ಮುಖ ಮಾಡಿಯೇ ಕೇಳಿದಳು. "ಇವತ್ತೂ ಏನೂ ಕಾಣ್ಲಿಲ್ವೇನ್ರೀ?"

"ಕಾಣ್ತು. ಹೊನ್ನಕ್ಕಿ, ಹಾಡ್ತಾ ಕೂತಿತ್ತು."

ಪೊನಿಯೆಮ್ ಈ ಕಡೆ ಹೊರಳಿದಳು. "ಎಲ್ಲಿ?"

"ಕಾಲುವೆ ತಿರುವಿನ ಬೂರುಗದಲ್ಲಿ. ಪಡುವಣ ಕೊಂಬೆ, ತುತ್ತತುದೀಲಿ."

ತಟ್ಟಿಯ ಆಚೆ ನೀರಿನ ಸದ್ದು ನಿಂತಿತು.

"ಗೂಡಲ್ಲಿ ಮರಿಗಳೂ ಇವೆ," ಎಂದ ಜುಮಾದಿ, ಸ್ವಲ್ಪ ಗಟ್ಟಿಯಾಗಿ.

ಮರುದಿನ ಬೆಳಿಗ್ಗೆ ನಾಲ್ಕು ಜನ ತುಕಿರಾನ್‌ನನ್ನು ಬಾಗಿಲ ಹಲಗೆಯ ಮೇಲೆ ಹೊತ್ತು ತಂದರು. ಬೂರುಗದ ಒಣ ಕೊಂಬೆ ಮುರಿದು ಬಿದ್ದಿದ್ದ; ಬೆನ್ನುಮೂಳೆ ಮುರಿದಿತ್ತು. ಅವನ ಮಂಚವನ್ನು ತಂಗಿಯ ಮಂಚದ ಪಕ್ಕಕ್ಕೆ ಹಾಕಿ, ನಡುವಿನ ತಟ್ಟಿಯನ್ನು ಜುಮಾದಿಯೇ ಕಿತ್ತ. ಪಂಜರಗಳನ್ನೂ ತೆರೆದ. ಹಕ್ಕಿಗಳೆಲ್ಲ ಹಾರಿಹೋದವು, ಮಡಿವಾಳ ಹಕ್ಕಿಯೊಂದನ್ನು ಬಿಟ್ಟು. ಅಂಟಿನಲ್ಲಿ ಅದರ ರೆಕ್ಕೆಯ ಗರಿಗಳೆಲ್ಲ ಕಿತ್ತುಹೋಗಿದ್ದವು.

"ಈಗ ಬರೀ ತಿನ್ನೋರು ಇಬ್ಬರಾದ್ವಲ್ಲಣ್ಣ," ಎಂದಳು ಪೊನಿಯೆಮ್, ಅವನ ಬಾಯಿಗೆ ಗಂಜಿ ಹಾಕುತ್ತಾ. ಅವನು ನುಂಗಿದ.

ಈಗ ಜುಮಾದಿ ಸಂತೆಯಿಂದ ಬಂದರೆ ಎರಡು ಮಂಚಗಳ ನಡುವೆ ಕೂರುತ್ತಾನೆ. ಬೆಳ್ಳಕ್ಕಿ, ಮಿಂಚುಳ್ಳಿ, ಗದ್ದೆ ಬದುವಿನ ಹಾವು, ಎಲ್ಲ ಹೇಳುತ್ತಾನೆ. ಪೊನಿಯೆಮ್ ನಗುತ್ತಾಳೆ. ಕೊನೆಗೆ ತುಕಿರಾನ್ ಸೂರು ನೋಡುತ್ತಾ ಒಂದೇ ಮಾತು ಕೇಳುತ್ತಾನೆ.

"ಅದು ಇದೆಯೇನೋ ಇನ್ನೂ?"

"ಇದೆ ಭಾವ. ಮರಿಗಳೂ ಹಾಡ್ತಾವೆ ಈಗ."

ತುಕಿರಾನ್ ಕಣ್ಣು ಮುಚ್ಚುತ್ತಾನೆ. ಆ ಬೂರುಗದಲ್ಲಿ ಹೊನ್ನಕ್ಕಿಯೇ ಇರಲಿಲ್ಲ ಎಂದು ಜುಮಾದಿ ಎಂದೂ ಹೇಳಲಿಲ್ಲ.